ಕೌದಿಗೆ ಚಿತ್ರದ ಬಟ್ಟೆ: ಮನೆಯಲ್ಲೇ ತಯಾರಿಸುವ ಕ್ರಮ

ಹಳೆಯ ಸೀರೆ, ಪಂಚೆಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಬಹಳ ಹಿಂದಿನದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳೂ ಹೆಸರುವಾಸಿಯಾಗಿವೆ. ಈಗ ಕೌದಿಯ ನಡುವೆ ಅಜ್ಜ ಅಜ್ಜಿಯರ ಭಾವಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಸೇರಿಸುವವರೂ ಇದ್ದಾರೆ. ಇದಕ್ಕೆಂದೇ ಪ್ರಿಂಟರಿಗೆ ಹಾಕುವ ಬಟ್ಟೆಯ ಹಾಳೆಗಳು ಮಾರಾಟಕ್ಕಿವೆ. ಬೆಲೆ ಮಾತ್ರ ದುಬಾರಿ. ಆ ಹಾಳೆಯಲ್ಲಿರುವುದು ಇಷ್ಟೇ: ಒತ್ತಾಗಿ ನೇಯ್ದ ಹತ್ತಿ ಬಟ್ಟೆ, ಬಣ್ಣ ಹಿಡಿಯಲು ಅದಕ್ಕೆ ಕೊಟ್ಟ ಉಪಚಾರ, ಬೆನ್ನಿಗೆ ಅಂಟಿಸಿದ ಕಾಗದ. ಇವನ್ನು ಮನೆಯಲ್ಲೇ ಒದಗಿಸಿಕೊಳ್ಳಬಹುದು.

ಬಿಳಿಯ ಪಾಪ್ಲಿನ್ ಬಟ್ಟೆ ಉತ್ತಮ. ಪಾಲಿಯೆಸ್ಟರ್ ಬೆರೆತದ್ದು ಬೇಡ. ಅಂಗಡಿಯ ಗಂಜಿ ಹೋಗುವಂತೆ ಬಿಸಿನೀರು, ಸಾಬೂನಿನಲ್ಲಿ ಒಗೆಯಬೇಕು. 100 ಗ್ರಾಂ ಒಣ ಬಟ್ಟೆಗೆ 20 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಮುಳುಗುವಷ್ಟು ನೀರು ಸೇರಿಸಿ, ಒಂದು ಗಂಟೆ ನೆನೆಸಿ, ಹಿಂಡಿ, ನೆರಳಿನಲ್ಲಿ ಒಣಗಿಸಬೇಕು.

ಕುಚ್ಚಲಕ್ಕಿಯ ಗಂಜಿ ಮನೆಯಲ್ಲಿರುವಾಗ ಅದನ್ನೇ ಹಾಕಿ ಬಟ್ಟೆಯನ್ನು ಗಟ್ಟಿ ಮಾಡಿದರಾಗದೇ ಎಂದು ಕೇಳುವವರುಂಟು. ಆಗದು. ಶಾಯಿ ನೂಲಿಗೆ ಇಳಿಯದೆ ಗಂಜಿಯ ಮೇಲೆಯೇ ನಿಂತು, ಒಗೆದಾಗ ಗಂಜಿಯೊಡನೆ ಹೋಗುತ್ತದೆ. ಮಂಗಳೂರಿನ ಅತ್ತಾವರದಂತಹ ಕರಾವಳಿಯ ಬಡಾವಣೆಯಲ್ಲಿ ಇನ್ನೊಂದು ತೊಂದರೆಯೂ ಇದೆ. ಆಟಿ ತಿಂಗಳ ತೇವದಲ್ಲಿ ಗಂಜಿ ಹಾಕಿದ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ಜಿರಲೆಯೂ ಬರುತ್ತದೆ. ಅಲ್ಲಿ ಗಂಜಿಯಿಲ್ಲದ ಬಟ್ಟೆಯನ್ನು ಕೂಡ ಅಚ್ಚಿಗೆ ಸ್ವಲ್ಪ ಮೊದಲು ಇಸ್ತ್ರಿ ಮಾಡುವುದು ಅವಶ್ಯ.

ಬೆನ್ನಿಗೆ ಎ4 ಅಳತೆಯ ಇಡೀ ಹಾಳೆಯ ಸ್ಟಿಕರ್ ಕಾಗದ ಅನುಕೂಲ. ಅದರ ಅಂಟಿನ ಮೇಲೆ ತುಸು ದೊಡ್ಡದಾದ ಬಟ್ಟೆಯನ್ನು ಸುಕ್ಕಿಲ್ಲದಂತೆ ಒತ್ತಿ, ನಂತರ 21 × 29.7 ಸೆಂ.ಮೀ.ಗೆ ಸರಿಯಾಗಿ ಕತ್ತರಿಸಬೇಕು. ಅಂಚಿನಲ್ಲಿ ಒಂದು ಎಳೆ ಜೋತಾಡಿದರೂ ಅದು ಯಂತ್ರದ ಉರುಳೆಗೆ ಸುತ್ತಿಕೊಳ್ಳಬಹುದು. ಅಂಗಡಿಯಲ್ಲಿ ಅಚ್ಚು ಹಾಕಿಸುವುದಾದರೆ ಮೊದಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ಯಂತ್ರ ಕೆಟ್ಟರೆ ಅವರ ದಿನದ ದುಡಿಮೆ ನಿಲ್ಲುತ್ತದೆ. ಲೇಸರ್ ಮತ್ತು ಜೆರಾಕ್ಸ್ ಯಂತ್ರಗಳಿಗೆ ಇದನ್ನು ಹಾಕಲೇಬಾರದು. ಒಳಗಿನ ಶಾಖಕ್ಕೆ ಅಂಟು ಕರಗುತ್ತದೆ. ಇಂಕ್‌ಜೆಟ್ ಯಂತ್ರವೇ ಬೇಕು. ಹಾಳೆಗಳನ್ನು ಒಂದೊಂದಾಗಿ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಶಾಯಿ. ಪಿಗ್ಮೆಂಟ್ ಶಾಯಿಯ ಕಣಗಳು ನೀರಿನಲ್ಲಿ ಕರಗುವುದಿಲ್ಲ. ಡೈ ಶಾಯಿ ಕರಗುತ್ತದೆ. ಹಲವು ಯಂತ್ರಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದವು ಡೈ. ಅಂಥದರಲ್ಲಿ ಅಚ್ಚಾದ ಚಿತ್ರವನ್ನು ಒಗೆದರೆ ಮೀಸೆ ಉಳಿದು ಮುಖದ ಬಣ್ಣ ಹೋದೀತು! ಪಟಿಕ ಡೈ ಶಾಯಿಯನ್ನು ಸ್ವಲ್ಪ ಹಿಡಿದಿಡುತ್ತದೆಯೇ ಹೊರತು ಪೂರ್ತಿ ಅಲ್ಲ. ಬಣ್ಣ ನಿಲ್ಲಿಸುವ ಚಿಂತೆ ಈ ಊರಿಗೆ ಹೊಸದೇನಲ್ಲ. ಅತ್ತಾವರಕ್ಕೆ ಸಮೀಪದ ಬಲ್ಮಠದಲ್ಲಿ 1850ರ ದಶಕದಲ್ಲಿ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಖಾಕಿ ಬಣ್ಣವನ್ನು ರೂಪಿಸಿದರೆಂದು ಪ್ರಸಿದ್ಧಿಯಿದೆ.

ಹಳೆಯ ಫೋಟೋದ ನಕಲನ್ನೇ ಬಳಸಿ, ಮೂಲವನ್ನು ಜೋಪಾನವಾಗಿಡಬೇಕು. ಅಚ್ಚಾದ ಬಟ್ಟೆಯನ್ನು ಒಂದು ದಿನ ಹಾಗೆಯೇ ಬಿಟ್ಟು, ಬೆನ್ನಿನ ಕಾಗದ ತೆಗೆದು, ಮೇಲೆ ಬಿಳಿ ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು. ಬಳಿಕ ತಣ್ಣೀರಿನಲ್ಲಿ ಜಾಲಿಸಬೇಕು. ಕೌದಿಗೆ ಹೊಲಿಯುವ ಮೊದಲು, ಅದೇ ಬಟ್ಟೆಗೆ ಅದೇ ಶಾಯಿಯಲ್ಲಿ ಅಚ್ಚಾದ ಸಣ್ಣ ತುಂಡೊಂದನ್ನು ಬಿಳಿ ಬಟ್ಟೆಯೊಡನೆ ಸಾಬೂನು ನೀರಿನಲ್ಲಿ ಒಗೆದು ನೋಡುವುದು ಒಳ್ಳೆಯದು. ಬಿಳಿ ಬಟ್ಟೆಗೆ ಬಣ್ಣ ತಗಲಿದರೆ ಅಂಥ ಚಿತ್ರವನ್ನು ಗೋಡೆಗೆ ತೂಗುಹಾಕುವ ಕೌದಿಗೆ ಮಾತ್ರ ಬಳಸಬೇಕು. ಮಾರಾಟದ ಹೊದಿಕೆಗೆ ಸೇರಿಸಬಾರದು.