ವೈರ್ ಕಿತ್ತಿಡಿ, ವಾಚನ ನಡೆಯಲಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯಲ್ಲೇ ಕುಮಾರವ್ಯಾಸ ಭಾರತದ ಗಮಕ ವಾಚನ ರೆಕಾರ್ಡ್ ಮಾಡುತ್ತೇನೆ. 2014ರಲ್ಲಿ ಕೊಂಡ ಡೆಸ್ಕ್‌ಟಾಪ್, ಇಂಟೆಲ್ ನಾಲ್ಕನೇ ಜನರೇಷನ್, ವಿಂಡೋಸ್ 10. ಆಡಿಯೋ ಇಂಟರ್‌ಫೇಸ್ ಕೂಡ ಅದೇ ವರ್ಷದ್ದು. ಸೆಕ್ಯುರಿಟಿಯಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಆನ್ ಮಾಡಲು ಹೋದರೆ ಅದರ ಡ್ರೈವರ್ ಹೊಂದುವುದಿಲ್ಲ ಎಂದು ತಡೆಯುತ್ತದೆ. ಹೇಗಾದರೂ ಮಾಡಿ ವಿಂಡೋಸ್ 11 ಹಾಕಿಕೊಡುತ್ತೇನೆ ಅನ್ನುತ್ತಾನೆ ಸೋದರಳಿಯ. ಎಲ್ಲ ಎಸೆದು ಹೊಸದು ತಗೊಳ್ಳಿ ಅನ್ನುತ್ತಾರೆ ಅಂಗಡಿಯವರು. ಬ್ಯಾಂಕು, ಪಿಂಚಣಿ ವ್ಯವಹಾರವೂ ಇದರಲ್ಲೇ. ಏನು ಮಾಡಲಿ?
– ಗಮಕಪ್ರಿಯ, ಶಿವಮೊಗ್ಗ

ಉತ್ತರ: ಎಸೆಯಬೇಡಿ ಮೇಷ್ಟ್ರೇ. ಅಳಿಯನಿಗೂ ಸ್ವಲ್ಪ ತಡಿ ಅನ್ನಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಸೆಕ್ಯೂರ್ ಬೂಟ್, ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ನಿನಿಂದ ಈಚಿನ ಪ್ರೊಸೆಸರ್. ನಿಮ್ಮದು ನಾಲ್ಕನೆಯದು. ತಪಾಸಣೆ ತಪ್ಪಿಸಿ ಹಾಕುವ ದಾರಿಗಳೇನೋ ಇವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂದು ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಪಟ್ಟ ಪಾಡು, ಅದೇ ಖಾತ್ರಿಯಿಲ್ಲ!

ಇನ್ನು ನಿಮ್ಮ ಡ್ರೈವರ್. ಡ್ರೈವರ್ ಅಂದರೆ ಅಡುಗೆಮನೆವರೆಗೂ ಬರುವ ನೆಂಟ. ಸಿಸ್ಟಮ್ಮಿನ ಒಳಮನೆಯಲ್ಲೇ ಅದರ ಓಡಾಟ. ಹಾಗೆ ಒಳಬರುವವರನ್ನು ಬಾಗಿಲಲ್ಲೇ ತಡೆದು ಪರೀಕ್ಷಿಸುವುದು ಮೆಮೊರಿ ಇಂಟೆಗ್ರಿಟಿಯ ಕೆಲಸ. ನಿಮ್ಮ ಡ್ರೈವರಿನಲ್ಲಿ ಕಳ್ಳತನವಿದೆ ಎಂದೇನಲ್ಲ, ಈ ನಿಯಮ ಬರುವ ಮುಂಚೆ ಬರೆದದ್ದು ಅಷ್ಟೇ. ಕಾವಲು ಬೇಕೆಂದರೆ ದನಿ ಹೋಗುತ್ತದೆ, ದನಿ ಬೇಕೆಂದರೆ ಕಾವಲು ಹೋಗುತ್ತದೆ.

ಒಂದೇ ಯಂತ್ರದಲ್ಲಿ ಎರಡು ಸಂಸಾರ ಹೂಡಿದ್ದೇ ಇಷ್ಟಕ್ಕೆಲ್ಲ ಕಾರಣ. ಬೇರೆ ಮಾಡಿಬಿಡಿ. ಬ್ಯಾಂಕು, ಪಿಂಚಣಿ, ಮೇಲ್ ಎಲ್ಲ ಅಪ್‌ಡೇಟ್ ಬರುತ್ತಿರುವ ಮೊಬೈಲಿಗೆ ಹೋಗಲಿ. ಸಾಗಿಸಲು ತಿಂಗಳೊಪ್ಪತ್ತು ಬೇಕಾದರೆ ವಿಂಡೋಸ್ 10ರಲ್ಲೇ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಸೌಲಭ್ಯಕ್ಕೆ ನೋಂದಾಯಿಸಿಕೊಳ್ಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ಅವಧಿ 2026ರ ಅಕ್ಟೋಬರ್ 13ರವರೆಗೆ. ಆಮೇಲೆ ಡೆಸ್ಕ್‌ಟಾಪಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಿ, ನೆಟ್ ವೈರ್ ಕಿತ್ತಿಡಿ, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ. ಅಲ್ಲಿಂದಾಚೆಗೆ ಅದು ಟೇಪ್ ರೆಕಾರ್ಡರ್. ಮೆಮೊರಿ ಇಂಟೆಗ್ರಿಟಿ ಆಫ್ ಇದ್ದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಉಳಿಯುವ ಕಳ್ಳದಾರಿ ಪೆನ್‌ಡ್ರೈವ್ ಒಂದೇ. ಜೆರಾಕ್ಸ್ ಅಂಗಡಿ ಸುತ್ತಿ ಬಂದದ್ದನ್ನು ಮಾತ್ರ ಇದಕ್ಕೆ ಚುಚ್ಚಬೇಡಿ.

ಇಂಟರ್‌ಫೇಸ್ ಒಂದು ದಿನ ಕೈಕೊಟ್ಟರೆ ‘ಕ್ಲಾಸ್ ಕಂಪ್ಲಯಂಟ್’ ಯುಎಸ್‌ಬಿ ಇಂಟರ್‌ಫೇಸ್ ಕೇಳಿ ತನ್ನಿ. ಅದಕ್ಕೆ ಕಂಪನಿಯ ಡ್ರೈವರ್ ಬೇಕಿಲ್ಲ. ಯುಎಸ್‌ಬಿ ಆಡಿಯೋ 2ಕ್ಕೆ ಬೇಕಾದ ಡ್ರೈವರನ್ನು ವಿಂಡೋಸ್ 10 ತನ್ನೊಳಗೇ ಸೇರಿಸಿಕೊಂಡದ್ದು 2017ರಲ್ಲಿ. ಅಂಗಡಿಯಲ್ಲೇ ಓಟಿಜಿ ಕೇಬಲ್ಲಿನಿಂದ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ ನೋಡಿ. ಏನೂ ಹಾಕದೆ ದನಿ ಬಂದರೆ ಅದು ನಿಮಗೆ ಆಗಿಬರುತ್ತದೆ. ಮೈಕ್ ಬದಲಿಸಬೇಕಿಲ್ಲ. ಎಕ್ಸ್‌ಎಲ್‌ಆರ್ ಕೇಬಲ್ಲೂ 48 ವೋಲ್ಟಿನ ಫ್ಯಾಂಟಮ್ ಪವರೂ ಇವತ್ತಿಗೂ ಅವೇ.

ನಿಜವಾದ ಭಯ ಬೇರೆ ಇದೆ. ಅಷ್ಟು ಹಳೆಯ ಹಾರ್ಡ್ ಡಿಸ್ಕ್ ಯಾವ ಬೆಳಿಗ್ಗೆಯಾದರೂ ಮಲಗಿಬಿಡಬಹುದು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆಯ ಸ್ಟೀರಿಯೋ ವಾಚನ ಸುಮಾರು ಒಂದು ಜಿಬಿ. ನೂರು ಗಂಟೆಯಾದರೂ ಸಣ್ಣ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಹಿಡಿಯುತ್ತದೆ. ಎರಡು ತನ್ನಿ, ಒಂದು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಇಂಟರ್‌ಫೇಸಿನ ಡ್ರೈವರ್ ಫೈಲನ್ನೂ ಅದರಲ್ಲೇ ಹಾಕಿಡಿ, ಕಂಪನಿಗಳು ಹಳೆಯದನ್ನು ತೆಗೆದುಹಾಕುವುದುಂಟು. ಈ ವಾರವೇ ಮಾಡಿ ಮೇಷ್ಟ್ರೇ, ವೈರ್ ಕೀಳುವುದು ಆಮೇಲಾದರೂ ಆಯಿತು.