ವೀಡಿಯೊ ಆಮೇಲೆ, ಪ್ಯಾಕೆಟ್ ಮೊದಲು

ಜಾರ್ಜಿಯಾ ಟೆಕ್ 2014ರಲ್ಲಿ ಶುರು ಮಾಡಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಗೆ ನಾನು ಸೇರಿದ್ದು ಮೈಸೂರಿನ ಕಚೇರಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತಲೇ. ವಿಶ್ವವಿದ್ಯಾಲಯವಿರುವ ಅಟ್ಲಾಂಟಾದಲ್ಲಿ ಭಾನುವಾರ ಮಧ್ಯರಾತ್ರಿಯ ಗಡುವು ಮುಗಿಯುವಾಗ ನಮಗೆ ಸೋಮವಾರ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಕೆಲಸಕ್ಕೆ ಹೋಗುವವರಿಗೆ ಆ ಒಂದು ಗಂಟೆಯ ಬೆಲೆ ಗೊತ್ತು.

ನೆಟ್‌ವರ್ಕ್ ಸೆಕ್ಯುರಿಟಿ ಓದುವಾಗ ನನಗೆ ಒಗ್ಗಿದ ಕ್ರಮವೆಂದರೆ ಲ್ಯಾಬ್ ಮೊದಲು, ಉಪನ್ಯಾಸ ಆಮೇಲೆ. ವೀಡಿಯೊ ನೋಡುತ್ತಾ ಕೂತರೆ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಅದೇ ಅದರ ತೊಂದರೆ.

1982ರ ಎಆರ್‌ಪಿಯನ್ನೇ ತೆಗೆದುಕೊಳ್ಳಿ. ಲೋಕಲ್ ನೆಟ್‌ವರ್ಕಿನಲ್ಲಿ ಒಂದು ಐಪಿ ವಿಳಾಸ ಯಾವ ಯಂತ್ರದ್ದೆಂದು ತಿಳಿಯುವ ವಿಧಾನ ಅದು. ವಠಾರದ ನಡುವೆ ನಿಂತು ಪೋಸ್ಟ್‌ಮ್ಯಾನ್ 'ಹತ್ತನೇ ನಂಬರ್ ಮನೆ ಯಾವುದು?' ಎಂದು ಕೂಗಿದರೆ 'ನಮ್ಮದೇ' ಎಂದವರ ಕೈಗೆ ಕಾಗದ! ಪರಿಶೀಲನೆಯೇ ಇಲ್ಲ. ಲ್ಯಾಪ್‌ಟಾಪಿನೊಳಗೆ ಮೂರು ವರ್ಚುವಲ್ ಮಷೀನ್ ಎಬ್ಬಿಸಿ, ಒಂದರಿಂದ ಸುಳ್ಳು ಉತ್ತರ ಕಳಿಸುತ್ತಾ ಹೋದೆ. ಉಳಿದೆರಡರ ಮಾತುಕತೆಯೆಲ್ಲ ನನ್ನ ಮೂಲಕವೇ ಹರಿಯತೊಡಗಿತು. ಪ್ಯಾಕೆಟ್‌ಗಳನ್ನು ಬಿಚ್ಚಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ಎರಡು ಐಪಿಗಳಿಗೆ ಒಂದೇ ಮ್ಯಾಕ್ (ಯಂತ್ರದ) ವಿಳಾಸ ಕಾಣಿಸಿತು, ಪಾಸ್‌ವರ್ಡ್ ಕೂಡ. ಅದೇ ಪ್ರಯೋಗವನ್ನು ಮಾತುಕತೆಗೆ ಗೂಢಲಿಪಿ ತೊಡಿಸುವ ಟಿಎಲ್‌ಎಸ್ ಇಟ್ಟು ಮಾಡಿದರೆ ಪಾಸ್‌ವರ್ಡ್ ಮಾಯ, ಸರ್ವರಿನ ಹೆಸರು ಮಾತ್ರ ಬಯಲಲ್ಲೇ ಉಳಿಯಿತು. ಗೂಢಲಿಪಿ ಯಾವುದನ್ನು ಮುಚ್ಚುತ್ತದೆ, ಯಾವುದನ್ನು ಮುಚ್ಚುವುದಿಲ್ಲ ಎಂಬುದು ನನಗೆ ತಿಳಿದದ್ದು ಆ ರಾತ್ರಿ.

(ಇಂಥ ಆಟವೆಲ್ಲ ಹೊರಗಿನ ಸಂಪರ್ಕ ಕಡಿದ ಜಾಲದೊಳಗೇ ನಡೆಯಬೇಕು. ಅನುಮತಿಯಿಲ್ಲದೆ ಪಕ್ಕದ ಮನೆಯ ವೈಫೈಗೆ ಕೈ ಹಾಕಿದರೆ ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರಿಹಾರ ಕಟ್ಟಿಕೊಡಬೇಕಾದೀತು.)

ಲ್ಯಾಬಿನಿಂದಲೂ ದಕ್ಕದ್ದನ್ನು ಹಳೆಯ ಪ್ರಬಂಧಗಳು ಕೊಟ್ಟವು. ನೀಡಮ್ ಮತ್ತು ಶ್ರೋಡರ್ 1978ರಲ್ಲಿ ಪ್ರಕಟಿಸಿದ, ಇಬ್ಬರು ಪರಸ್ಪರ ಗುರುತು ಖಚಿತಪಡಿಸಿಕೊಳ್ಳುವ ಪಬ್ಲಿಕ್ ಕೀ ಪ್ರೋಟೋಕಾಲ್ ನೋಡಲು ಪುಟ್ಟದು, ನಿಜಕ್ಕೂ ಮುಖ್ಯವಾದ ಸಂದೇಶಗಳು ಮೂರೇ. ಅದರಲ್ಲೊಂದು ಬಿರುಕಿದೆ ಎಂದು ಸಂಶೋಧಕ ಗೇವಿನ್ ಲೋ ತೋರಿಸಿದ್ದು 1995ರಲ್ಲಿ. ನೀವು ನಂಬಿ ಮಾತು ಆರಂಭಿಸಿದವನೇ ನಿಮ್ಮ ವೇಷದಲ್ಲಿ ಮೂರನೆಯವನ ಮುಂದೆ ನಿಲ್ಲಬಹುದು. ಗೂಢಲಿಪಿಯನ್ನು ಮುರಿಯುವ ಅಗತ್ಯವೇ ಇಲ್ಲ. ಪರಿಹಾರವೂ ಅಷ್ಟೇ ಸರಳ: ಎರಡನೇ ಸಂದೇಶದಲ್ಲಿ ಉತ್ತರಿಸುವವನ ಹೆಸರು ಸೇರಿಸಿದರೆ ಸಾಕು. ಬಾಣದ ಗುರುತು ಹಾಕುತ್ತಾ ಪೆನ್ಸಿಲಿನಲ್ಲಿ ಬರೆದು ನೋಡಿದಾಗ ಮಾತ್ರ ಇದು ತಲೆಗೆ ಹತ್ತಿತು. ಹದಿನೇಳು ವರ್ಷ ತಜ್ಞರ ಕಣ್ಣಿಗೆ ಬೀಳದ್ದು ನನಗೆ ಒಂದೇ ಓದಿಗೆ ಹೊಳೆಯಬೇಕೆಂದೇನೂ ಇರಲಿಲ್ಲವಲ್ಲ.

ನೀವೂ ಈ ಓದಿಗೆ ಇಳಿಯುವುದಾದರೆ ಸಿ ಭಾಷೆ ಮತ್ತು ಸಂಭಾವ್ಯತೆಯ ಗಣಿತ ಮೊದಲೇ ಕೈಗೆ ಹತ್ತಿರಲಿ. ಹದಿನಾರು ಜಿಬಿ ರ‍್ಯಾಮ್ ಇದ್ದರೆ ವರ್ಚುವಲ್ ಮಷೀನ್ ಎಬ್ಬಿಸುವ ಸಂಕಟ ಕಡಿಮೆ.

ಈ ಓದಿನ ಬಲದಲ್ಲೇ ನಮ್ಮ ಕಚೇರಿಯ ಸ್ವಿಚ್‌ಗಳಲ್ಲಿ ಸುಳ್ಳು ಎಆರ್‌ಪಿ ಉತ್ತರಗಳನ್ನು ತಡೆಯುವ ಏರ್ಪಾಡು ಮಾಡಿದೆ. ಡಿಎಚ್‌ಸಿಪಿ ಯಾರಿಗೆ ಯಾವ ಐಪಿ ಕೊಟ್ಟಿತೆಂಬ ಪಟ್ಟಿ ಇಟ್ಟುಕೊಂಡು ಸ್ವಿಚ್ ತಾಳೆ ನೋಡುತ್ತದೆ. ಆದರೆ ಪ್ರಿಂಟರ್‌ಗಳಿಗೆ ನಾವೇ ಕಾಯಂ ಐಪಿ ಕೊಟ್ಟಿರುತ್ತೇವೆ, ಅವು ಆ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಏರ್ಪಾಡು ಜಾರಿಗೆ ತರುವ ಮುನ್ನ ಮಹಡಿ ಮಹಡಿ ಸುತ್ತಿ, ಪ್ರತಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನು ಕೈಯಾರೆ ಬರೆದುಕೊಂಡು ಬಂದೆ. ಅಕೌಂಟ್ಸ್ ವಿಭಾಗದವರು ಕೇಳಿದ್ದು ಒಂದೇ ಪ್ರಶ್ನೆ: 'ಸಂಬಳದ ದಿನ ಪ್ರಿಂಟ್ ಬರುತ್ತೆ ತಾನೆ?'