ಟ್ಯಾಪೆಟ್ ಶಬ್ದ ಮಾಡಲಿ ಬಿಡಿ: ಸಾಲಿಡ್ ಲಿಫ್ಟರ್, ಹೈಡ್ರಾಲಿಕ್ ಲಿಫ್ಟರ್

ಕಳೆದ ರಜೆಯಲ್ಲಿ ಬನ್ನಂಜೆಯ ಮನೆಯಲ್ಲಿ ಮಾಮನ ಹಳೇ ಬುಲೆಟ್ ಬಿಚ್ಚಿದ್ದೆ. ಅದರ ಟ್ಯಾಪೆಟ್ ಟಿಕ್ ಟಿಕ್ ಅಂತಿತ್ತು. ಮಾಮ ಒಂದು ರೌಂಡ್ ಹೋಗಿ ಬಂದ ಕೂಡಲೇ, ಇಂಜಿನ್ ಬಿಸಿ ಇರುವಾಗಲೇ, ಶಬ್ದ ನಿಲ್ಲುವ ತನಕ ಟೈಟ್ ಮಾಡಿದೆ. ಖುಷಿ ಆಯ್ತು. ಮರುದಿನ ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಇಲ್ಲ, ಕಿಕ್ಕರ್ ಬೆಣ್ಣೆಯ ಹಾಗೆ ಕೆಳಗೆ ಹೋಗ್ತದೆ. ಕಂಪ್ರೆಶನ್ನೇ ಇರಲಿಲ್ಲ. ತಪ್ಪು ಪೂರ್ತಿ ನನ್ನದು. ಯಾಕೆ ಹಾಗಾಯ್ತು ಅಂತ ಹುಡುಕುತ್ತಾ ಹೋದವನು ಡ್ರ್ಯಾಗ್ ರೇಸ್ ಇಂಜಿನ್ ತನಕ ಬಂದೆ. ಕಲಿತದ್ದನ್ನು ಇಲ್ಲಿ ಬರೀತಿದ್ದೇನೆ.

ಮೊದಲು ಬೇಸಿಕ್ಸ್. ಕ್ಯಾಮ್‌ನ ಉಬ್ಬು ಲಿಫ್ಟರನ್ನು ಎತ್ತುತ್ತದೆ. ಲಿಫ್ಟರ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು ದೂಡುತ್ತದೆ. ರಾಕರ್ ವಾಲ್ವ್ ತೆರೆಯುತ್ತದೆ, ಮುಚ್ಚುವುದು ಸ್ಪ್ರಿಂಗ್. ಈ ಸಾಲಿನಲ್ಲಿ ಎಲ್ಲಾದರೂ ಸ್ವಲ್ಪ ಗ್ಯಾಪ್ ಬೇಕು, ಯಾಕಂದ್ರೆ ಬಿಸಿಯಾದರೆ ಲೋಹ ಉದ್ದ ಆಗ್ತದೆ. 100 ಮಿ.ಮೀ. ಉದ್ದದ ಉಕ್ಕಿನ ವಾಲ್ವ್ 300 ಡಿಗ್ರಿ ಬಿಸಿಯಾದರೆ ಸುಮಾರು 0.36 ಮಿ.ಮೀ. ಬೆಳೆಯುತ್ತದೆ. ಇದು ಗ್ಯಾಪನ್ನು ತಿನ್ನುತ್ತದೆ. ಅದೇ ಹೊತ್ತಿಗೆ ಬ್ಯಾರಲ್, ಹೆಡ್ ಸಹ ಬೆಳೆದು ಗ್ಯಾಪನ್ನು ಹೆಚ್ಚಿಸುತ್ತವೆ. ಯಾವುದು ಗೆಲ್ಲುತ್ತದೆ ಅನ್ನೋದು ಇಂಜಿನ್ ಮೇಲೆ ಹೋಗ್ತದೆ. ಹಳೇ ಬುಲೆಟ್‌ನಲ್ಲಿ ಬಿಸಿಯಾದಾಗ ಗ್ಯಾಪ್ ಹೆಚ್ಚಾಗ್ತದೆ. ಹಾಗಾಗಿ ಅದನ್ನು ತಣ್ಣಗಿರುವಾಗಲೇ ಸೆಟ್ ಮಾಡಬೇಕು: ಕಂಪ್ರೆಶನ್ ಸ್ಟ್ರೋಕ್‌ನ ತುದಿಯಲ್ಲಿ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ನಾನು ಬಿಸಿಯಲ್ಲಿ ಟೈಟ್ ಮಾಡಿದೆ, ರಾತ್ರಿ ತಣಿದು ಬ್ಯಾರಲ್ ಕುಗ್ಗಿತು, ವಾಲ್ವ್ ಅರೆ ತೆರೆದೇ ನಿಂತಿತು.

ಇದು ಸಾಲಿಡ್ ಲಿಫ್ಟರ್‌ನ ಕಥೆ. ಗಟ್ಟಿ ಲೋಹ, ಗ್ಯಾಪ್ ನೋಡಿಕೊಳ್ಳುವುದು ನಮ್ಮ ಕೆಲಸ.

ಹೈಡ್ರಾಲಿಕ್ ಲಿಫ್ಟರ್ ಒಳಗೆ ಪುಟ್ಟ ಪ್ಲಂಜರ್, ಅದರ ಕೆಳಗೆ ಮೃದು ಸ್ಪ್ರಿಂಗ್, ಒಂದು ಚೆಕ್ ವಾಲ್ವ್ ಉಂಟು. ವಾಲ್ವ್ ಮುಚ್ಚಿರುವಾಗ ಪ್ಲಂಜರ್ ಮೇಲೆದ್ದು ಗ್ಯಾಪ್ ತುಂಬುತ್ತದೆ, ಕೆಳಗೆ ಇಂಜಿನ್ ಆಯಿಲ್ ಬರುತ್ತದೆ. ಕ್ಯಾಮ್ ಎತ್ತುವಾಗ ಚೆಕ್ ವಾಲ್ವ್ ಮುಚ್ಚಿ ಆಯಿಲ್ ಒಳಗೇ ಸಿಕ್ಕಿಬೀಳುತ್ತದೆ. ಆಯಿಲ್ ಕುಗ್ಗುವುದು ತೀರಾ ಕಡಿಮೆ, ಆದ್ದರಿಂದ ಆ ಕ್ಷಣಕ್ಕೆ ಅದು ಗಟ್ಟಿ ಲಿಫ್ಟರೇ. ಶಬ್ದ ಇಲ್ಲ, ಸೆಟ್ಟಿಂಗ್ ಬೇಡ. 1930ರ ಕ್ಯಾಡಿಲ್ಯಾಕ್ ವಿ-16ರಲ್ಲೇ ಆಯಿಲ್‌ನಿಂದ ಗ್ಯಾಪ್ ತುಂಬುವ ಈ ಉಪಾಯ ಇತ್ತು. 2009ರ ಹೊತ್ತಿಗೆ ರಾಯಲ್ ಎನ್‌ಫೀಲ್ಡ್‌ನ ಯುಸಿಇ ಇಂಜಿನ್‌ಗೂ ಹೈಡ್ರಾಲಿಕ್ ಲಿಫ್ಟರ್ ಬಂತು.

ಇಷ್ಟು ಒಳ್ಳೇದಾದ್ರೆ ಡ್ರ್ಯಾಗ್ ರೇಸ್‌ನವರು ಯಾಕೆ ಬೇಡ ಅಂತಾರೆ? ಉತ್ತರ ಆರ್‌ಪಿಎಂನಲ್ಲಿ ಉಂಟು. ವಾಲ್ವನ್ನು ಕ್ಯಾಮ್ ಜೊತೆ ಅಂಟಿಸಿಡಲು ಬೇಕಾದ ಬಲ ಆರ್‌ಪಿಎಂನ ವರ್ಗಕ್ಕೆ ಅನುಪಾತ. 6,000ದಿಂದ 8,000ಕ್ಕೆ ಹೋದರೆ ವೇಗ 1.33 ಪಟ್ಟು, ಬಲ 1.78 ಪಟ್ಟು. ಸ್ಪ್ರಿಂಗ್‌ಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಲಿಫ್ಟರ್ ಕ್ಯಾಮ್ ಬಿಟ್ಟು ಹಾರುತ್ತದೆ. ಇದೇ ವಾಲ್ವ್ ಫ್ಲೋಟ್. ಆಗ ಹುಟ್ಟಿದ ಗ್ಯಾಪನ್ನು ಹೈಡ್ರಾಲಿಕ್ ಲಿಫ್ಟರ್ "ಇದು ತುಂಬಬೇಕಾದ ಗ್ಯಾಪ್" ಅಂದುಕೊಂಡು ಆಯಿಲ್ ತುಂಬಿಕೊಳ್ಳುತ್ತದೆ, ಉದ್ದ ಆಗ್ತದೆ. ಈಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಪವರ್ ಬೀಳುತ್ತದೆ. ಇದನ್ನು ಪಂಪ್-ಅಪ್ ಅಂತಾರೆ. ಬಲವಾದ ಸ್ಪ್ರಿಂಗ್ ಹಾಕಿದರೆ ಇನ್ನೊಂದು ಕಷ್ಟ: ಒತ್ತಡಕ್ಕೆ ಆಯಿಲ್ ಸೋರಿ ಪ್ಲಂಜರ್ ಕೆಳಗಿಳಿಯುತ್ತದೆ, ವಾಲ್ವ್ ಲಿಫ್ಟ್ ಕಡಿಮೆ ಆಗ್ತದೆ. ಆಯಿಲ್‌ನಲ್ಲಿ ಗಾಳಿಗುಳ್ಳೆ ಸೇರಿದರೆ ಅದೂ ಸ್ಪಂಜಿನ ಹಾಗೆ ಕುಗ್ಗುತ್ತದೆ.

ಅದಕ್ಕೇ ಅಮೆರಿಕದ ಟಾಪ್ ಫ್ಯೂಯೆಲ್ ಡ್ರ್ಯಾಗ್‌ಸ್ಟರ್‌ಗಳ 8.2 ಲೀಟರ್ ವಿ-8ರಲ್ಲಿ ಸಾಲಿಡ್ ರೋಲರ್ ಲಿಫ್ಟರೇ ಇರುವುದು. ಅವರ ಓಟ 305 ಮೀಟರ್ ಮಾತ್ರ, ಮತ್ತೆ ಮತ್ತೆ ಗ್ಯಾಪ್ ನೋಡಲು ಟೀಮ್ ಉಂಟು. ನಮ್ಮಲ್ಲಿ ಬೈಕ್ ಡ್ರ್ಯಾಗ್ ಅಂದ್ರೆ ಮೊದಲು ನೆನಪಾಗುವ ಆರ್‌ಎಕ್ಸ್ 100 ಟೂ-ಸ್ಟ್ರೋಕ್, ಮೈಸೂರಿನ ಯೆಜ್ದಿಯೂ ಹಾಗೇ. ಅವಕ್ಕೆ ಇಂಥ ವಾಲ್ವೇ ಇಲ್ಲ, ಚಿಂತೆಯೂ ಇಲ್ಲ!

ನಮ್ಮ ಕ್ಲಾಸಿನ ಒಬ್ಬ ತನ್ನ ಯುಸಿಇ ಬುಲೆಟ್‌ಗೆ ಸಾಲಿಡ್ ಲಿಫ್ಟರ್ ಹಾಕಿಸಬೇಕು ಅಂತಿದ್ದಾನೆ. ಅವನಿಗೆ ನನ್ನ ಲೆಕ್ಕ ಇದು. ಯುಸಿಇ ಇಂಜಿನ್ ಇದ್ದ ಕ್ಲಾಸಿಕ್ 350ರ ಗರಿಷ್ಠ ಪವರ್ 5,250 ಆರ್‌ಪಿಎಂನಲ್ಲಿ ಮುಗಿಯುತ್ತಿತ್ತು. ಅಲ್ಲಿ ಪಂಪ್-ಅಪ್ ಭಯವೇ ಇಲ್ಲ ಮಾರಾಯ. 7,000 ದಾಟುವ 650 ಟ್ವಿನ್‌ಗೆ ಕಂಪನಿಯವರೇ ಮತ್ತೆ ಸ್ಕ್ರೂ-ಲಾಕ್‌ನಟ್ ಟ್ಯಾಪೆಟ್ ಕೊಟ್ಟಿದ್ದಾರೆ. ಮೇಲಾಗಿ ಸಾಲಿಡ್ ಕ್ಯಾಮ್‌ನಲ್ಲಿ ಗ್ಯಾಪನ್ನು ಮೆಲ್ಲಗೆ ಮುಚ್ಚಲು ಸಣ್ಣ ಇಳಿಜಾರು ಇರುತ್ತದೆ. ಹೈಡ್ರಾಲಿಕ್ ಕ್ಯಾಮ್ ಮೇಲೆ ಬರೀ ಲಿಫ್ಟರ್ ಬದಲಿಸಿದರೆ ಸಿಗುವುದು ಸುತ್ತಿಗೆ ಪೆಟ್ಟು ಮಾತ್ರ, ಸ್ಪೀಡ್ ಅಲ್ಲ.

ಮಾಮನ ಬುಲೆಟ್? ಮರುದಿನವೇ ತಣ್ಣಗಿರುವಾಗ ಸರಿಯಾಗಿ ಸೆಟ್ ಮಾಡಿದೆ, ಎರಡನೇ ಕಿಕ್‌ಗೆ ಸ್ಟಾರ್ಟ್ ಆಯ್ತು. ಬಿಸಿಯಾದ ಮೇಲೆ ಈಗಲೂ ಸ್ವಲ್ಪ ಟಿಕ್ ಟಿಕ್ ಅಂತದೆ. ನಾನು ಸ್ಪ್ಯಾನರ್ ಮುಟ್ಟುವುದಿಲ್ಲ.